ಗಲ್ಲಾದ ಮೇಲಿನ ಮುಟ್ಟಿದರೆ ಮುನಿ

ಗಲ್ಲಾದಲ್ಲಿ ಕೂತವನ ಕೈಯನ್ನು ನಂಬಲಾಗದು ಎಂಬ ಗುಮಾನಿಯಿಂದ ಹುಟ್ಟಿದ್ದು ಬಿಲ್ಲಿಂಗ್ ಯಂತ್ರ. ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿ ಜೇಮ್ಸ್ ರಿಟಿ ಎಂಬಾತ ಪಾನಗೃಹ ಇಟ್ಟುಕೊಂಡಿದ್ದ. ಗಿರಾಕಿಗಳಿಗೆ ಬರವಿರಲಿಲ್ಲ, ಆದರೆ ರಾತ್ರಿ ಎಣಿಸಿದರೆ ಹಣ ಕಮ್ಮಿ. ಪೆಟ್ಟಿಗೆಗೆ ಬಿದ್ದದ್ದೆಷ್ಟು, ಕೆಲಸದವರ ಜೇಬಿಗೆ ಜಾರಿದ್ದೆಷ್ಟು ಎಂದು ಲೆಕ್ಕ ಹಾಕಿ ಬೇಸತ್ತವನು 1878ರಲ್ಲಿ ಯುರೋಪಿಗೆ ಹಡಗು ಹತ್ತಿದ. ಹಡಗಿನ ಎಂಜಿನ್ ಕೋಣೆಯಲ್ಲಿ, ಪ್ರೊಪೆಲರ್ ಎಷ್ಟು ಸುತ್ತು ತಿರುಗಿತೆಂದು ತನ್ನಷ್ಟಕ್ಕೆ ತಾನೇ ಎಣಿಸುವ ಸಾಧನವೊಂದು ಅವನ ಕಣ್ಣಿಗೆ ಬಿತ್ತು. ಸುತ್ತು ಎಣಿಸುವುದಾದರೆ ಕಾಸನ್ನೇಕೆ ಎಣಿಸಬಾರದು? ಊರಿಗೆ ಮರಳಿದವನೇ ಸಹೋದರ ಜಾನ್ ಜೊತೆ ಸೇರಿ ಯಂತ್ರ ಕಟ್ಟಿ, 1879ರ ನವೆಂಬರ್ 4ರಂದು ಪೇಟೆಂಟ್ ಪಡೆದ. ಗಡಿಯಾರದ ಮುಖದಂಥ ಫಲಕ, ಡಾಲರಿಗೊಂದು ಮುಳ್ಳು, ಸೆಂಟಿಗೊಂದು ಮುಳ್ಳು. ಹಣ ಇಡುವ ಡ್ರಾಯರ್ ಕೂಡ ಅದಕ್ಕಿರಲಿಲ್ಲ. ಅದಕ್ಕಿಟ್ಟ ಹೆಸರು ಮಾತ್ರ ಭರ್ಜರಿ: ಲಂಚಕ್ಕೆ ಬಗ್ಗದ ಕ್ಯಾಷಿಯರ್!

ರಿಟಿಗೆ ಇದರಿಂದ ದುಡ್ಡಾಗಲಿಲ್ಲ. ಕೈ ಬದಲಾಗಿ 1884ರಲ್ಲಿ ಆ ವ್ಯವಹಾರ ಜಾನ್ ಪ್ಯಾಟರ್ಸನ್ ಎಂಬ ವ್ಯಾಪಾರಿಯ ಪಾಲಾಯಿತು. ಅವನು ಅದಕ್ಕೆ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಎಂದು ಹೆಸರಿಟ್ಟ. ಎನ್‌ಸಿಆರ್ ಎಂದು ಜಗತ್ತು ಬಲ್ಲ ಕಂಪನಿ ಅದು. ಡ್ರಾಯರ್ ಬಂತು, ಡ್ರಾಯರ್ ತೆರೆದಾಗ ಬಾರಿಸುವ ಗಂಟೆಯೂ ಬಂತು. ಗಂಟೆ ಇದ್ದದ್ದು ಗಿರಾಕಿಗಲ್ಲ, ಒಳಕೋಣೆಯಲ್ಲಿ ಕೂತ ಮಾಲೀಕನಿಗೆ. ಪೆಟ್ಟಿಗೆ ತೆರೆಯಿತು, ಕಿವಿ ನಿಮಿರಲಿ ಎಂದು. ಬೆಂಗಳೂರಿನ ಚಹಾದಂಗಡಿಯಲ್ಲಿ ಇಪ್ಪತ್ತು ರೂಪಾಯಿ ಬಂತೆಂದು ಗಟ್ಟಿಯಾಗಿ ಸಾರುವ ಯುಪಿಐ ಸೌಂಡ್ ಬಾಕ್ಸು ಆ ಗಂಟೆಯ ಮರಿಮಗಳಲ್ಲದೆ ಬೇರೇನು?

ಹೀಗೆ ಕೈಯನ್ನು ಕಾಯಲು ಬಂದ ಯಂತ್ರ, ಮುಂದೆ ನೂರು ವರ್ಷ ಕಳೆಯುವಷ್ಟರಲ್ಲಿ ಅದೇ ಕೈಯ ಬೆರಳ ತುದಿಗೆ ತನ್ನ ಪ್ರಾಣ ಒಪ್ಪಿಸಿ ಕೂತಿತು. ಬೆರಳೊತ್ತಿದರೂ ಗಾಜು ಸ್ಪಂದಿಸದಿದ್ದರೆ ಹೋಟೆಲೇ ನಿಂತಂತೆ. ‘ಟಚ್ ತಗೊಳ್ತಾ ಇಲ್ಲ’ ಎಂಬ ಮೂರು ಪದ ಕೇಳಿದರೆ ಸಾಕು, ಮ್ಯಾನೇಜರನ ಮುಖ ಬಾಡುತ್ತದೆ.

ಕರ್ನಾಟಕದಲ್ಲಿ ಆ ಮುಖ ಹೆಚ್ಚು ಬಾಡುವುದಕ್ಕೆ ಒಂದು ಕಾರಣವಿದೆ. ಹಳೆಯ ಉಡುಪಿ ಹೋಟೆಲಿನಲ್ಲಿ ಬಿಲ್ಲು ಊಟದ ಕೊನೆಯ ಕೆಲಸ. ಯಾರು ಏನು ತಿಂದರೆಂಬ ಲೆಕ್ಕವೆಲ್ಲ ಮಾಣಿಯ ತಲೆಯಲ್ಲಿ. ಗಿರಾಕಿ ಕೈ ತೊಳೆದು ಬಾಗಿಲ ಕಡೆ ಹೊರಟರೆ ಒಳಗಿನಿಂದಲೇ ಮೊತ್ತ ಕೂಗುತ್ತಿದ್ದ; ಗಲ್ಲಾದ ಭಟ್ಟರು ಕಿವಿಯಲ್ಲೇ ಬಿಲ್ಲು ಬರೆದುಕೊಳ್ಳುತ್ತಿದ್ದರು. 1943ರಿಂದ ನಡೆದುಬಂದ ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ತೋಳುದ್ದ ದೋಸೆ ತಟ್ಟೆ ಪೇರಿಸಿಕೊಂಡು ಬರುವ ಸಪ್ಲೈಯರನ್ನು ನೋಡಿದವರಿಗೆ ಆ ನೆನಪಿನ ಕಸುಬು ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ಗಲ್ಲಾದಲ್ಲಿ ಅಡಚಣೆಯಾದರೆ ಹೊಟ್ಟೆ ತುಂಬಿದವರು ಎರಡು ನಿಮಿಷ ಬಾಗಿಲಲ್ಲಿ ನಿಲ್ಲುತ್ತಿದ್ದರು, ಅಷ್ಟೇ.

1983ರಲ್ಲಿ ಆರ್. ಪ್ರಭಾಕರ್ ಅವರು ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದರು. ಮೊದಲು ದುಡ್ಡು, ಕೈಗೆ ಟೋಕನ್, ಆಮೇಲೆ ಇಡ್ಲಿ, ನಿಂತೇ ತಿನ್ನುವುದು. ಈ ಪದ್ಧತಿ ಊರೂರಿಗೆ ಹಬ್ಬಿ ಬಿಲ್ಲು ಊಟದ ಮೊದಲ ಕೆಲಸವಾಯಿತು. ಮಾಣಿಯ ನೆನಪು ಬೇಡವಾಯಿತು. ಗಲ್ಲಾದ ಯಂತ್ರವೊಂದೇ ಅಡುಗೆಮನೆಗೂ ಗಿರಾಕಿಗೂ ನಡುವಿನ ಹೆಬ್ಬಾಗಿಲಾಯಿತು. ಬೆಳಗಿನ ಎಂಟೂವರೆಗೆ ಅದು ಕೈ ಕೊಟ್ಟರೆ ಒಳಗೆ ಇಡ್ಲಿ ಹಬೆಯಾಡುತ್ತಿರುತ್ತದೆ, ಹೊರಗೆ ಹಸಿದವರ ಸಾಲು ರಸ್ತೆಗಿಳಿದಿರುತ್ತದೆ, ನಡುವೆ ಒಂದು ಗಾಜು ಮೌನ ಹಿಡಿದಿರುತ್ತದೆ.

ಈ ಅಪಾಯವನ್ನು ಮೊದಲೇ ಊಹಿಸಿದವರೂ ಇದ್ದರು. 1974ರ ಹೊತ್ತಿಗೆ ಅಮೆರಿಕದಲ್ಲಿ ವಿಲಿಯಂ ಬ್ರೋಬೆಕ್ ಅವರ ಸಂಸ್ಥೆ ಮೆಕ್‌ಡೊನಾಲ್ಡ್ಸ್ ಅಂಗಡಿಗಳಿಗೆಂದು ಇಂಟೆಲ್ 8008 ಎಂಬ ಆದಿಕಾಲದ ಮೈಕ್ರೊಪ್ರೊಸೆಸರ್ ಬಳಸಿ ಬಿಲ್ಲಿಂಗ್ ವ್ಯವಸ್ಥೆ ಕಟ್ಟಿತು. ಮೆನುವಿನ ಒಂದೊಂದು ತಿನಿಸಿಗೆ ಒಂದೊಂದು ಗುಂಡಿ. ಒಂದು ಆರ್ಡರ್ ನಡೆಯುತ್ತಿರುವಾಗಲೇ ಇನ್ನೊಂದನ್ನು ಹಿಡಿಯಲು ‘ಗ್ರಿಲ್’ ಎಂಬ ಗುಂಡಿ ಬೇರೆ. ಬೆರಗಾಗಿಸುವುದು ಅದರ ಒಳಗಿನ ಎಚ್ಚರ. ಮುಖ್ಯ ಮಾಹಿತಿಯನ್ನೆಲ್ಲ ಮೂರು ಮೂರು ಪ್ರತಿ ಇಡುತ್ತಿತ್ತು. ಹಲವು ಸಂಖ್ಯೆಗಳನ್ನು ಮೂರರ ಗುಣಕವಾಗಿಯೇ ಬರೆದಿಟ್ಟುಕೊಳ್ಳುತ್ತಿತ್ತು. ಮೂರರಿಂದ ಭಾಗವಾಗದ ಸಂಖ್ಯೆ ಎದುರಾದರೆ ಎಲ್ಲೋ ಕೆಟ್ಟಿದೆಯೆಂದು ತಿಳಿಯಲಿ ಎಂದು. ಅಂಗಡಿಗೆ ಎರಡು ಕಂಪ್ಯೂಟರು; ಒಂದು ಸತ್ತರೆ ಇನ್ನೊಂದು ಇಡೀ ಅಂಗಡಿಯನ್ನು ಹೊರುತ್ತಿತ್ತು. ಐವತ್ತು ವರ್ಷಗಳ ಹಿಂದಿನ ಆ ದೂರದೃಷ್ಟಿ ಇಂದಿನ ಎಷ್ಟೋ ಹೋಟೆಲುಗಳಲ್ಲಿ ಇಲ್ಲ ಎಂಬುದು ಸಂಕಟದ ಮಾತು.

ಆದರೆ ಗುಂಡಿಗಳಿಗೆ ಒಂದು ಮಿತಿ ಇತ್ತು. ಹೊಸ ತಿನಿಸು ಸೇರಿಸಬೇಕಾದರೆ ಗುಂಡಿಯ ಹೆಸರು ಬದಲಿಸಬೇಕು. ಮೆನು ಇನ್ನೂರು ದಾಟಿದರೆ ಇನ್ನೂರು ಗುಂಡಿ ಎಲ್ಲಿ ಕೂರಿಸುವುದು? ತೆರೆಯ ಮೇಲೆ ಬೇಕಾದಾಗ ಬೇಕಾದ ಗುಂಡಿ ಮೂಡಬೇಕು, ಅದನ್ನೇ ಮುಟ್ಟಿ ಒತ್ತಬೇಕು. ಅಂಥ ಗಾಜು ಆಗಲೇ ಹುಟ್ಟಿತ್ತು, ಹೋಟೆಲಿನಿಂದ ಬಹಳ ದೂರದಲ್ಲಿ.

ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರಾಡಾರ್ ಸಂಸ್ಥೆಯ ಇ.ಎ. ಜಾನ್ಸನ್ 1965ರಲ್ಲಿ ಮುಟ್ಟಿದರೆ ತಿಳಿಯುವ ತೆರೆಯ ಬಗ್ಗೆ ಪುಟ್ಟ ಲೇಖನ ಪ್ರಕಟಿಸಿದ. ಅವನ ಮನಸ್ಸಿನಲ್ಲಿದ್ದದ್ದು ವಿಮಾನ ಸಂಚಾರ ನಿಯಂತ್ರಣ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಫ್ರಾಂಕ್ ಬೆಕ್ ಮತ್ತು ಬೆಂಟ್ ಸ್ಟುಂಪೆ 1970ರ ದಶಕದಲ್ಲಿ ಮಾಡಿದ ಸ್ಪರ್ಶಫಲಕ ಬೃಹತ್ ಕಣವೇಗವರ್ಧಕದ ನಿಯಂತ್ರಣ ಕೊಠಡಿಗಾಗಿ. ಎರಡೂ ಕಡೆ ನೆಲ ಥಳಥಳ, ಗಾಳಿ ತಂಪು, ಮುಟ್ಟುವ ಬೆರಳು ಒಣಗಿದ್ದು. ಚಟ್ನಿ ಮೆತ್ತಿದ ಬೆರಳು ಯಾರ ಲೆಕ್ಕದಲ್ಲೂ ಇರಲಿಲ್ಲ.

ಇಲಿನಾಯ್ ವಿಶ್ವವಿದ್ಯಾಲಯದ್ದು ಬೇರೆ ದಾರಿ. 1972ರ ಸುಮಾರಿಗೆ ಅಲ್ಲಿನ ಪ್ಲೇಟೊ 4 ಎಂಬ ಬೋಧನಾ ವ್ಯವಸ್ಥೆಯ ಕಿತ್ತಳೆ ಬಣ್ಣದ ತೆರೆಯ ಅಂಚಿಗೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಬಲೆ ಹೆಣೆದರು. ಉದ್ದಕ್ಕೆ ಹದಿನಾರು, ಅಡ್ಡಕ್ಕೆ ಹದಿನಾರು ಮನೆಗಳು. ಬೆರಳು ಅಡ್ಡ ಬಂದರೆ ಎರಡು ಕಿರಣ ಕಡಿಯುತ್ತವೆ, ಅವು ಕೂಡುವ ಜಾಗವೇ ಮುಟ್ಟಿದ ಜಾಗ. ಗಾಜಿಗೆ ಇಲ್ಲಿ ಏನೂ ಕೆಲಸವಿಲ್ಲ, ಕೆಲಸವೆಲ್ಲ ಚೌಕಟ್ಟಿನದು. ಮುಂದೆ 1983ರಲ್ಲಿ ಎಚ್‌ಪಿ ಕಂಪನಿ ಇದೇ ತಂತ್ರದ ಎಚ್‌ಪಿ 150 ಎಂಬ ಕಂಪ್ಯೂಟರನ್ನು ಮಾರಾಟಕ್ಕೆ ಬಿಟ್ಟಿತು. ತೆರೆಯ ಸುತ್ತ ಕಿರಣ ಹೊರಬರಲು ಸಣ್ಣ ಸಣ್ಣ ತೂತುಗಳು. ಆ ತೂತುಗಳಲ್ಲಿ ಧೂಳು ಕೂತು ಕಿರಣ ಮುಚ್ಚಿ, ಮುಟ್ಟಿದರೂ ಕಂಪ್ಯೂಟರ್ ತೆಪ್ಪಗಿರುತ್ತಿತ್ತು. ಮದ್ದು ವ್ಯಾಕ್ಯೂಮ್ ಕ್ಲೀನರ್! ಟಚ್‌ಸ್ಕ್ರೀನ್ ರಿಪೇರಿಯ ಚರಿತ್ರೆಯಲ್ಲಿ ಅದಕ್ಕೊಂದು ಗೌರವದ ಜಾಗ ಸಲ್ಲಬೇಕು. ಆಫೀಸಿನ ಬರೀ ಧೂಳಿಗೆ ಹೀಗಾದರೆ ಒಗ್ಗರಣೆ ಹೊಗೆಗೆ ಏನಾದೀತು?

ಹೋಟೆಲಿಗೆ ಒಗ್ಗುವ ಗಾಜು ಬಂದದ್ದು ಅಮೆರಿಕದ ಭೌತವಿಜ್ಞಾನಿ ಸ್ಯಾಮ್ ಹರ್ಸ್ಟ್ ಅವರಿಂದ. ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ ರಾಶಿ ರಾಶಿ ಗ್ರಾಫ್ ಕಾಗದಗಳಿಂದ ಅಂಕಿ ಓದಿ ಬರೆಯುವ ಚಾಕರಿ ತಪ್ಪಿಸಿಕೊಳ್ಳಲು ಅವರು ವಿದ್ಯುತ್ ಹರಿಯುವ ಹಾಳೆಯ ಉಪಾಯ ಹೂಡಿದರು. ಹಾಳೆಯ ಮೇಲೆ ಎಲ್ಲಿ ಒತ್ತಿದರೂ ಆ ಜಾಗದ ವೋಲ್ಟೇಜು ತನ್ನ ವಿಳಾಸ ಹೇಳುತ್ತದೆ. 1971ರಲ್ಲಿ ಎಲೊಗ್ರಾಫಿಕ್ಸ್ ಎಂಬ ಕಂಪನಿ ಹುಟ್ಟಿತು, ಕೆಲವೇ ವರ್ಷಗಳಲ್ಲಿ ಆ ಹಾಳೆ ಪಾರದರ್ಶಕವಾಗಿ ಟಿವಿ ತೆರೆಯ ಮೇಲೆ ಕೂತಿತು. 1977ರಲ್ಲಿ ಐದು ತಂತಿಯ ಮಾದರಿಗೆ ಪೇಟೆಂಟ್ ಬಂತು. 1982ರಲ್ಲಿ ನಾಕ್ಸ್‌ವಿಲ್ ನಗರದ ವಿಶ್ವಮೇಳದಲ್ಲಿ ಇಂಥ ಗಾಜು ಹೊತ್ತ 33 ಟಿವಿಗಳನ್ನು ಜನ ಮುಟ್ಟಿ ನೋಡಿದರು. ಅದೇ ಕಂಪನಿ ಇಂದು ಎಲೊ. ಬಿಲ್ಲಿಂಗ್ ಮಿಷಿನುಗಳ ಚೌಕಟ್ಟಿನ ಮೂಲೆಯಲ್ಲಿ ಆ ಹೆಸರು ಈಗಲೂ ಕಾಣುತ್ತದೆ.

ಇನ್ನು ಈ ಗಾಜನ್ನು ಅಡುಗೆಮನೆಯ ಹತ್ತಿರ ತಂದವರು ಯಾರು? ಎಂಜಿನಿಯರಲ್ಲ, ಹೋಟೆಲಿನವನೇ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ರೆಸ್ಟೊರೆಂಟು ನಡೆಸುತ್ತಿದ್ದ ಜೀನ್ ಮೋಶರ್ 1970ರ ದಶಕದ ಕೊನೆಯಲ್ಲೇ ಆಪಲ್ 2 ಕಂಪ್ಯೂಟರಿನಲ್ಲಿ ತನ್ನ ಬಿಲ್ಲಿನ ಪ್ರೋಗ್ರಾಮು ತಾನೇ ಬರೆಯಲು ಕೂತಿದ್ದ. 1986ರ ಶರತ್ಕಾಲದಲ್ಲಿ ಲಾಸ್ ವೇಗಸ್‌ನ ಕಾಮ್‌ಡೆಕ್ಸ್ ಮೇಳದಲ್ಲಿ ಅಟಾರಿ ಕಂಪನಿಯ ಮಳಿಗೆಯೊಳಗೆ, ಅಟಾರಿ 520 ಎಸ್‌ಟಿ ಎಂಬ ಅಗ್ಗದ ಬಣ್ಣದ ಕಂಪ್ಯೂಟರಿನ ಮೇಲೆ ವ್ಯೂಟಚ್ ಎಂಬ ತನ್ನ ತಂತ್ರಾಂಶ ತೋರಿಸಿದ. ಬಣ್ಣದ ತೆರೆ, ತೆರೆಯ ಮೇಲೆ ತಿನಿಸುಗಳ ಗುಂಡಿಗಳು, ಮುಟ್ಟಿದರೆ ಆರ್ಡರ್. ಗುಂಡಿ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಎಂಬುದನ್ನು ಮಾಲೀಕನೇ ಕೂತು ಬದಲಿಸಿಕೊಳ್ಳಬಹುದಿತ್ತು. ಈ ಕೊನೆಯ ಅಂಶ ಸಣ್ಣದೆನ್ನಿಸಿದರೂ ಮುಂದೆ ಗಾಜು ಸವೆದಾಗ ಅದೇ ಕೈ ಹಿಡಿಯಿತು.

ಅಲ್ಲಿಂದಾಚೆ ಹೋಟೆಲಿನ ಗಲ್ಲಾದ ಮೇಲೆ ನಾಲ್ಕು ಜಾತಿಯ ಗಾಜುಗಳು ಬಂದು ಕೂತವು. ಒಂದೊಂದರ ಹುಟ್ಟೂ ಬೇರೆ, ಮುನಿಸೂ ಬೇರೆ. ‘ಟಚ್ ಹೋಗಿದೆ’ ಎಂದು ಎಲ್ಲವಕ್ಕೂ ಒಂದೇ ಕಾಯಿಲೆಯ ಹೆಸರಿಟ್ಟು, ಎಲ್ಲವಕ್ಕೂ ಒಂದೇ ಮದ್ದು ಎಂದು ಆಫ್ ಮಾಡಿ ಆನ್ ಮಾಡುವುದರಿಂದಲೇ ಅರ್ಧ ತೊಂದರೆ. ಯಾವ ಕಾಲದ ಗಾಜು ಎಂದು ತಿಳಿದರೆ ಯಾಕೆ ಮುನಿದಿದೆ ಎಂಬುದು ಬಹುಪಾಲು ತಿಳಿದ ಹಾಗೆ. ಇದಕ್ಕೆ ಸರ್ವಿಸ್ ಹುಡುಗರ ಬಳಿ ಒಂದು ಸುಲಭದ ಪರೀಕ್ಷೆ ಇದೆ: ಏನಿಂದ ಮುಟ್ಟಿದರೆ ಅದು ಒಪ್ಪುತ್ತದೆ ಎಂದು ನೋಡುವುದು.

ಪೆನ್ನಿನ ಕ್ಯಾಪಿನಿಂದ ಒತ್ತಿದರೂ, ಉಗುರಿನಿಂದ ಒತ್ತಿದರೂ ಕೆಲಸ ಮಾಡಿತೆ? ಅದು ಹರ್ಸ್ಟ್ ವಂಶದ ಗಾಜು, ಒತ್ತಡಕ್ಕೆ ಓಗೊಡುವ ರೆಸಿಸ್ಟಿವ್. ಕೆಳಗೆ ಗಾಜು, ಮೇಲೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ, ಎರಡರ ಒಳಮೈಗೂ ಇಂಡಿಯಂ ಟಿನ್ ಆಕ್ಸೈಡ್ ಎಂಬ ಪಾರದರ್ಶಕ ಲೇಪ, ನಡುವೆ ಕೂದಲೆಳೆಯಷ್ಟು ಖಾಲಿ ಜಾಗ. ಒತ್ತಿದಲ್ಲಿ ಹಾಳೆ ಬಾಗಿ ಗಾಜಿಗೆ ತಾಗುತ್ತದೆ. ಒದ್ದೆ ಕೈ, ಎಣ್ಣೆ ಕೈ, ಗ್ಲೌಸ್ ತೊಟ್ಟ ಕೈ ಯಾವುದಕ್ಕೂ ಇದು ಹೇಸುವುದಿಲ್ಲ. ಹೋಟೆಲುಗಳು ಇದನ್ನು ಇಪ್ಪತ್ತು ಮೂವತ್ತು ವರ್ಷ ಬಿಡದೆ ಅಪ್ಪಿಕೊಂಡದ್ದು ಅದಕ್ಕೇ. ಆದರೆ ಬಾಗಿ ಬಾಗಿ ಲೇಪ ಬಿರುಕು ಬಿಡುತ್ತದೆ. ಕ್ಯಾಷಿಯರ್ ದಿನವಿಡೀ ಒತ್ತುವುದು ‘ಕ್ಯಾಷ್’ ಗುಂಡಿಯನ್ನು, ಇಲ್ಲವೇ ‘ಪ್ರಿಂಟ್’ ಗುಂಡಿಯನ್ನು. ಆದ್ದರಿಂದ ತೆರೆಯೆಲ್ಲ ಸರಿಯಿದ್ದು ಆ ಒಂದು ಮೂಲೆ ಮಾತ್ರ ಸಾಯುತ್ತದೆ. ಐದು ತಂತಿಯ ಒಳ್ಳೆಯ ಗಾಜು ಒಂದೇ ಜಾಗದಲ್ಲಿ 3.5 ಕೋಟಿ ಒತ್ತು ತಾಳುತ್ತದೆಂದು ತಯಾರಕರು ಹೇಳಿಕೊಳ್ಳುತ್ತಾರೆ; ನಾಲ್ಕು ತಂತಿಯ ಅಗ್ಗದ್ದಕ್ಕೆ ಅಷ್ಟು ಆಯುಷ್ಯವಿಲ್ಲ. ಹಾಗೆ ಸತ್ತ ಮೂಲೆಗೆ ತಕ್ಷಣದ ಉಪಾಯ ಸರಳ: ಸೆಟ್ಟಿಂಗಿಗೆ ಹೋಗಿ ಗುಂಡಿಯನ್ನೇ ಬೇರೆ ಜಾಗಕ್ಕೆ ಸರಿಸಿಬಿಡುವುದು. ಮೋಶರ್ ಮಾಲೀಕರಿಗೆ ಕೊಟ್ಟ ಸ್ವಾತಂತ್ರ್ಯದ ಉಪಯೋಗ ಇಲ್ಲಿದೆ.

ಇದೇ ಗಾಜಿನ ಇನ್ನೊಂದು ಚಾಳಿ, ಕಾಫಿ ಒತ್ತಿದರೆ ಟೀ ಬೀಳುವುದು. ತಾಪದಿಂದಲೂ ಸವೆತದಿಂದಲೂ ಅಳತೆ ಜಾರಿ, ಬೆರಳು ಒಂದು ಕಡೆ, ಗುರುತು ಒಂದು ಕಡೆ ಆಗಿರುತ್ತದೆ. ಗಾಜು ಸತ್ತಿಲ್ಲ, ದಿಕ್ಕು ತಪ್ಪಿದೆ. ಕ್ಯಾಲಿಬ್ರೇಷನ್ ತೆರೆದು ಮೂಲೆಗಳಲ್ಲಿ ಮೂಡುವ ಗುರುತುಗಳನ್ನು ಒಂದೊಂದಾಗಿ ಒತ್ತಿದರೆ ಐದು ನಿಮಿಷದಲ್ಲಿ ಸರಿಹೋಗುತ್ತದೆ. ದಿನಾ ಜಾರುತ್ತಿದ್ದರೆ ಮಾತ್ರ ಹಾಳೆ ಉಬ್ಬಿದೆ ಎಂದರ್ಥ. ಇನ್ನು ತೆರೆ ತಾನೇ ತಾನಾಗಿ ಒಂದೇ ಜಾಗ ಒತ್ತುತ್ತಿದ್ದರೆ, ಚೌಕಟ್ಟಿಗೂ ಹಾಳೆಗೂ ನಡುವಿನ ಸಂದಿಯಲ್ಲಿ ನೋಡಬೇಕು. ಸಕ್ಕರೆ ಹರಳೋ ಒಣಗಿದ ಅನ್ನದ ಅಗುಳೋ ಅಲ್ಲಿ ಕೂತು ಬೆರಳಿನ ಪಾತ್ರ ಮಾಡುತ್ತಿರುತ್ತದೆ. ಒಂದು ತೆಳು ಕಾಗದ ತೂರಿಸಿ ಎಳೆದರೆ ಮುಗಿಯಿತು.

ಪೆನ್ನಿನ ಕ್ಯಾಪಿಗೆ ಜಪ್ಪಯ್ಯ ಎನ್ನದೆ, ಬರಿ ಬೆರಳಿಗೂ ಗ್ಲೌಸ್ ತೊಟ್ಟ ಬೆರಳಿಗೂ ಒಪ್ಪಿದರೆ ಅದು ಶಬ್ದತರಂಗದ ಗಾಜು. ಇದರ ಹಿಂದೆ ಒಬ್ಬ ಸ್ವಾರಸ್ಯದ ಮನುಷ್ಯನಿದ್ದಾನೆ, ರಾಬರ್ಟ್ ಆಡ್ಲರ್. 1956ರಲ್ಲಿ ಜೆನಿತ್ ಕಂಪನಿ ಮಾರಿದ ತಂತಿಯಿಲ್ಲದ ಟಿವಿ ರಿಮೋಟು ಆತನ ಕೈಕೆಲಸ. ಅದು ಮನುಷ್ಯರ ಕಿವಿಗೆ ಕೇಳದ ಶಬ್ದದಿಂದ ಟಿವಿಗೆ ಅಪ್ಪಣೆ ಕೊಡುತ್ತಿತ್ತು. ಅದೇ ಕೇಳದ ಶಬ್ದವನ್ನು ಗಾಜಿನ ಮೈಮೇಲೆ ಹರಿಯಬಿಡುವ ತಂತ್ರಕ್ಕೂ ಆತ ದುಡಿದ. ಮೃದುವಾದ ಬೆರಳು ಅಲೆಯನ್ನು ಹೀರಿಕೊಳ್ಳುತ್ತದೆ, ಎಲ್ಲಿ ಅಲೆ ಕುಗ್ಗಿತೋ ಅಲ್ಲಿ ಮುಟ್ಟಿದ್ದಾರೆ. ಗಡುಸು ಪ್ಲಾಸ್ಟಿಕ್ ಹೀರುವುದಿಲ್ಲ, ಹಾಗಾಗಿ ಕ್ಯಾಪು ನಡೆಯುವುದಿಲ್ಲ. ಹಾಳೆ ಇಲ್ಲದ್ದರಿಂದ ಚಿತ್ರ ಸ್ಫಟಿಕದಷ್ಟು ಸ್ವಚ್ಛ. ಆದರೆ ನೀರ ಹನಿಯೂ ಅಲೆ ಹೀರುತ್ತದೆ, ಜಿಡ್ಡೂ ಹೀರುತ್ತದೆ. ಅಲೆಯನ್ನು ತಿರುಗಿಸುವ ನವಿರು ಗೆರೆಗಳಿರುವುದು ಗಾಜಿನ ಅಂಚಿನಲ್ಲಿ, ಚೌಕಟ್ಟಿನ ಕೆಳಗೆ. ಅಲ್ಲಿಗೆ ಸಾಂಬಾರಿನ ತುಂತುರು ಸೇರಿದರೆ ಆ ಸಾಲಿನುದ್ದಕ್ಕೂ ತೆರೆ ಕುರುಡು. ನಡುಭಾಗವನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಅಂಚು ಒರೆಸಬೇಕು.

ಬೆರಳು ಗಾಜಿಗೆ ತಾಗುವ ಮೊದಲೇ ಗುಂಡಿ ಒತ್ತಿಕೊಂಡರೆ ಅದು ಅವಕೆಂಪು ಕಿರಣದ್ದು, ಪ್ಲೇಟೊ ಕುಲದ್ದು. ಚೌಕಟ್ಟಿಗೆ ಒರಗಿಸಿಟ್ಟ ಬಿಲ್ಲಿನ ಚೀಟಿ, ಕಿಟಕಿಯಿಂದ ನೇರ ಬೀಳುವ ಬಿಸಿಲು, ಬೆಲ್ಲದ ವಾಸನೆಗೆ ಬಂದ ನೊಣ, ಯಾವುದು ಬೇಕಾದರೂ ಇದನ್ನು ಗೊಂದಲಕ್ಕೆ ಕೆಡವೀತು. ಕಿರಣದ ದಾರಿ ಬಿಡಿಸಿದರೆ ಮತ್ತೆ ಹುಷಾರು.

ಬರಿ ಚರ್ಮಕ್ಕಷ್ಟೇ ಮಣಿಯುವುದು ಕೆಪ್ಯಾಸಿಟಿವ್. ಇದರ ಹಳೆಯ ಬಗೆಯಲ್ಲಿ ಗಾಜಿನ ನಾಲ್ಕು ಮೂಲೆಯಿಂದ ಬೆರಳಿಗೆ ಹರಿದ ವಿದ್ಯುತ್ತಿನ ಪಾಲು ಅಳೆದು ಜಾಗ ಕಂಡುಹಿಡಿಯುತ್ತಿದ್ದರು. ಈಗಿನದು ಐಫೋನ್ 2007ರಲ್ಲಿ ಮನೆಮಾತು ಮಾಡಿದ ಬಗೆ. ಗಾಜಿನ ಹಿಂದೆ ಸೂಕ್ಷ್ಮ ಜಾಲವಿದ್ದು, ಬೆರಳು ಬಂದರೆ ಜಾಲದ ಕೆಪ್ಯಾಸಿಟೆನ್ಸ್ ಬದಲಾಗುತ್ತದೆ. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಗಲ್ಲಾದ ಭಾರದ ಪೆಟ್ಟಿಗೆಗಳು ಕರಗಿ ಟ್ಯಾಬ್ಲೆಟ್ಟುಗಳಾದವು. ನೋಡಲು ಸೊಗಸು, ಬೆಲೆಯೂ ಇಳಿಯಿತು, ಮೊಬೈಲು ಬಳಸುವ ಹುಡುಗರಿಗೆ ಕಲಿಸಬೇಕಾದ್ದೇ ಇಲ್ಲ. ಆದರೆ ಜೇಬಿನಲ್ಲಿರಲೆಂದು ಮಾಡಿದ ಗಾಜು ಇದು, ತವಾದ ಪಕ್ಕಕ್ಕಲ್ಲ. ನೀರೂ ವಿದ್ಯುತ್ತಿಗೆ ದಾರಿ ಕೊಡುವುದರಿಂದ ಹನಿ ಬಿದ್ದರೆ ಬೆರಳೆಂದು ಬಗೆಯುತ್ತದೆ. ಅತ್ತ ದಪ್ಪ ಗ್ಲೌಸ್ ತೊಟ್ಟ ನಿಜವಾದ ಬೆರಳನ್ನು ಕಂಡೂ ಕಾಣದಂತಿರುತ್ತದೆ.

ಈ ಗಾಜಿನ ಒಂದು ಗುಟ್ಟು ಹೆಚ್ಚಿನ ಕ್ಯಾಷಿಯರುಗಳಿಗೆ ತಿಳಿದಿಲ್ಲ. ಆನ್ ಆಗುವ ಕ್ಷಣದಲ್ಲಿ ಅದರ ಕಂಟ್ರೋಲರು ‘ಯಾರೂ ಮುಟ್ಟಿಲ್ಲ’ ಎಂಬ ಸ್ಥಿತಿ ಹೇಗಿರುತ್ತದೆಂದು ಅಳೆದು ನೆನಪಿಟ್ಟುಕೊಳ್ಳುತ್ತದೆ. ಆ ಹೊತ್ತಿಗೆ ಗಾಜು ಒದ್ದೆಯಿದ್ದರೆ, ಇಲ್ಲವೇ ಅವಸರದಲ್ಲಿ ಯಾರೋ ಅಂಗೈ ಊರಿದ್ದರೆ, ಅದೇ ಸಹಜ ಸ್ಥಿತಿಯೆಂದು ನಂಬಿಬಿಡುತ್ತದೆ. ಮುಂದೆ ಬೆರಳು ಬಂದರೂ ಲೆಕ್ಕಕ್ಕೆ ಸಿಗುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಹುಡುಗ ಒದ್ದೆ ಬಟ್ಟೆಯಲ್ಲಿ ಗಲ್ಲಾ ಒರೆಸುತ್ತಲೇ ಸ್ವಿಚ್ ಹಾಕುವ ಹೋಟೆಲುಗಳಲ್ಲಿ ಮೊದಲ ಅರ್ಧ ಗಂಟೆ ಟಚ್ ಸತಾಯಿಸಿದರೆ ಅಚ್ಚರಿಯಿಲ್ಲ. ಕ್ರಮ ತಿರುಗಿಸಬೇಕು. ಮೊದಲು ಆಫ್, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ತುಸು ತಾಗಿಸಿದ ಮೆತ್ತನೆ ಬಟ್ಟೆ, ಪೂರ್ತಿ ಒಣಗಿದ ಮೇಲೆ ಮುಟ್ಟದೆ ಆನ್. 2020ರ ಕೊರೊನಾ ದಿನಗಳಲ್ಲಿ ಸ್ಯಾನಿಟೈಸರನ್ನು ನೇರ ತೆರೆಗೇ ಸಿಂಪಡಿಸುವ ಅಭ್ಯಾಸ ಬೆಳೆಯಿತು. ಸಿಂಪಡಿಸಿದ್ದು ಇಳಿದು ಚೌಕಟ್ಟಿನ ಸಂದಿ ಸೇರುತ್ತದೆ. ಬಟ್ಟೆಗೆ ಹಾಕಿ ಒರೆಸಿ, ಗಾಜಿಗೆ ಎರಚಬೇಡಿ ಎಂದು ತಯಾರಕರು ಸೂಚನೆಯಲ್ಲಿ ಬರೆಯುವುದು ಇದಕ್ಕೇ.

ಕರೆಂಟಿನ ಕಾಟವೂ ಕೆಪ್ಯಾಸಿಟಿವ್ ಗಾಜಿಗೇ ಜಾಸ್ತಿ. ಅದು ಅಳೆಯುವುದು ತೀರ ಸಣ್ಣ ವಿದ್ಯುತ್ ಬದಲಾವಣೆ. ಮೂಲ ಅಡಾಪ್ಟರ್ ಸುಟ್ಟುಹೋಯಿತೆಂದು ರಸ್ತೆಬದಿಯ ಅಗ್ಗದ ಚಾರ್ಜರ್ ಸಿಕ್ಕಿಸಿದರೆ, ಅದರ ಗದ್ದಲದಲ್ಲಿ ಬೆರಳಿನ ಪಿಸುಮಾತು ಮುಳುಗಿಹೋಗುತ್ತದೆ. ತೆರೆ ತನ್ನಷ್ಟಕ್ಕೆ ಹತ್ತು ಮಸಾಲೆದೋಸೆ ಆರ್ಡರ್ ಹಾಕಿಕೊಳ್ಳುವ ಭೂತಚೇಷ್ಟೆ ಬಹುಮಟ್ಟಿಗೆ ಇಲ್ಲಿಂದ ಹುಟ್ಟಿದ್ದು. ಟ್ಯಾಬ್ಲೆಟ್ಟಾದರೆ ಚಾರ್ಜರ್ ಕಿತ್ತು ಬರಿ ಬ್ಯಾಟರಿಯ ಮೇಲೆ ಮುಟ್ಟಿ ನೋಡಬೇಕು. ಚೇಷ್ಟೆ ನಿಂತರೆ ಅಪರಾಧಿ ಸಿಕ್ಕಿದ ಹಾಗೆ. ಪೆಟ್ಟಿಗೆ ಮಿಷಿನಾದರೆ ಪ್ಲಗ್ಗಿನ ಮೂರನೆಯ ಪಿನ್ನು, ಅಂದರೆ ಅರ್ಥಿಂಗ್, ನಿಜಕ್ಕೂ ನೆಲ ಮುಟ್ಟಿದೆಯೋ ಇಲ್ಲವೋ ಎಂದು ಎಲೆಕ್ಟ್ರಿಷಿಯನ್ನನ್ನು ಕೇಳಬೇಕು. ತೆರೆಯ ಒಂದು ಬದಿ ತುಸು ಮೇಲೆದ್ದಂತೆ ಕಂಡರೆ ಬ್ಯಾಟರಿ ಊದಿದೆ. ಆಗ ಒರೆಸುವುದು, ಒತ್ತುವುದು ಎಲ್ಲ ಬಿಟ್ಟು ಅದನ್ನು ಸೇವೆಯಿಂದಲೇ ತೆಗೆದಿಡಬೇಕು. ಅದು ಬೆಂಕಿಯ ಪ್ರಶ್ನೆ.

ಎಷ್ಟೋ ಸಲ ಗಾಜು ನಿರಪರಾಧಿ. ಇದನ್ನು ಪತ್ತೆ ಮಾಡಲು ಒಂದು ಮೌಸ್ ಸಾಕು. ಮೌಸ್ ಸಿಕ್ಕಿಸಿದಾಗ ಬಾಣ ಓಡಾಡಿದರೆ ಕಂಪ್ಯೂಟರ್ ಬದುಕಿದೆ, ಸತ್ತಿರುವುದು ಸ್ಪರ್ಶ ಮಾತ್ರ. ಮೌಸೂ ಅಲುಗದಿದ್ದರೆ ಮಿಷಿನ್ನೇ ಹ್ಯಾಂಗ್ ಆಗಿದೆ, ಗಾಜನ್ನು ಉಜ್ಜಿ ಫಲವಿಲ್ಲ. ಬೇರೆ ಮಾನಿಟರ್ ಜೋಡಿಸಿದ ಮಿಷಿನುಗಳಲ್ಲಿ ಚಿತ್ರ ಒಂದು ಕೇಬಲಿನಲ್ಲಿ, ಸ್ಪರ್ಶ ಇನ್ನೊಂದರಲ್ಲಿ ಬರುತ್ತದೆಂಬುದು ಹಲವರಿಗೆ ಗೊತ್ತಿಲ್ಲ. ಚಿತ್ರ ಚೆನ್ನಾಗಿಯೇ ಇದೆಯಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ. ಅತ್ತ ಯುಎಸ್‌ಬಿ ತಂತಿಯೊಂದು ಪೊರಕೆಯ ಏಟಿಗೆ ಸಡಿಲವಾಗಿ ಜೋತು ಬಿದ್ದಿರುತ್ತದೆ. ವಿಂಡೋಸ್ ಮಿಷಿನುಗಳಲ್ಲಿ ಇನ್ನೊಂದು ಮೋಸವಿದೆ. ಕರೆಂಟು ಉಳಿಸುವ ಆಸೆಗೆ ಅದು ಟಚ್ ಕಂಟ್ರೋಲರನ್ನು ಮಲಗಿಸುತ್ತದೆ, ಕೆಲವೊಮ್ಮೆ ಎಬ್ಬಿಸಲು ಮರೆಯುತ್ತದೆ. ಮಧ್ಯಾಹ್ನದ ಬಿಡುವು ಮುಗಿದು ಸಂಜೆ ನಾಲ್ಕಕ್ಕೆ ಕೂತರೆ ತೆರೆ ಬೆಳಗಿದೆ, ಬೆರಳಿಗೆ ಮಾತ್ರ ಓಗೊಡದು. ಡಿವೈಸ್ ಮ್ಯಾನೇಜರಿನಲ್ಲಿ ಆ ಉಳಿತಾಯದ ಗುರುತು ತೆಗೆದರೆ ಕಾಟ ತಪ್ಪುತ್ತದೆ.

ಗಿರಾಕಿಗೆ ಮೊತ್ತ ತೋರಿಸಲೆಂದು ಎರಡನೆಯ ತೆರೆ ಜೋಡಿಸಿದ ಕಡೆ ನಡೆಯುವುದಂತೂ ನಗೆನಾಟಕ. ಕ್ಯಾಷಿಯರ್ ತನ್ನ ತೆರೆ ಮುಟ್ಟುತ್ತಾನೆ, ಬಾಣ ಕುಣಿಯುವುದು ಗಿರಾಕಿಯ ತೆರೆಯಲ್ಲಿ. ಯಾವ ಗಾಜು ಯಾವ ತೆರೆಯದೆಂದು ಕಂಪ್ಯೂಟರ್ ಅದಲು ಬದಲು ಮಾಡಿಕೊಂಡಿರುತ್ತದೆ. ಸೆಟಪ್ ತೆರೆದು ಈ ತೆರೆಯೇ ಸ್ಪರ್ಶದ್ದೆಂದು ಒಮ್ಮೆ ಮುಟ್ಟಿ ಪರಿಚಯಿಸಿದರೆ ಸಾಕು. ಇಷ್ಟಕ್ಕೆ ಸಾವಿರ ರೂಪಾಯಿ ಸರ್ವಿಸ್ ಚಾರ್ಜು ಕೊಟ್ಟವರು ಸುಮ್ಮನಿರುವುದೇ ಲೇಸು.

ಇದೆಲ್ಲ ನಡೆಯುವಾಗ ಹೊರಗಿನ ಸಾಲು ಕಾಯುತ್ತದೆಯೇ? ಮೊದಲಾಗಿದ್ದರೆ ಚೀಟಿಯಲ್ಲಿ ಗೀಚಿಕೊಟ್ಟು ಸಾಗಹಾಕಬಹುದಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ನೋಂದಾಯಿತ ಹೋಟೆಲಿನ ಬಿಲ್ಲಿಗೆ ಕ್ರಮಸಂಖ್ಯೆ ತಪ್ಪಬಾರದು. ಯಂತ್ರ ಮಲಗಿತೆಂದು ನಡುವೆ ಸಂಖ್ಯೆಯಿಲ್ಲದ ಚೀಟಿ ಹರಿದು ಕೊಟ್ಟರೆ ಸಂಜೆಯ ಲೆಕ್ಕವೂ ಕೂಡುವುದಿಲ್ಲ, ತಿಂಗಳ ರಿಟರ್ನೂ ಕೂಡುವುದಿಲ್ಲ. ತೆರಿಗೆಯ ಕಣ್ಣು ಎಷ್ಟು ಹರಿತವೆಂದು ಕರ್ನಾಟಕದ ಸಣ್ಣ ವ್ಯಾಪಾರಿಗಳು 2025ರ ಜುಲೈಯಲ್ಲಿ ಕಂಡರು. ಯುಪಿಐ ವಹಿವಾಟಿನ ಮೊತ್ತ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳಿಸಿದಾಗ ಬೆಂಗಳೂರಿನ ಹಲವು ಅಂಗಡಿ, ಬೇಕರಿಗಳ ಮುಂದೆ ಕ್ಯೂಆರ್ ಚೀಟಿ ಮಾಯವಾಗಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬರಹ ಬಂತು.

ಯಂತ್ರ ಮಲಗಿದ ಹೊತ್ತಿನ ಬಿಲ್ಲಿಗೆ ಕಾನೂನಿನಲ್ಲೇ ಒಂದು ಸಂದು ಇದೆ. ಬಿಲ್ಲಿನ ಸಂಖ್ಯೆ ಹದಿನಾರು ಅಕ್ಷರ ಮೀರದೆ ಕ್ರಮವಾಗಿರಬೇಕು ಎಂದ ನಿಯಮವೇ, ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಬಹುದು ಎಂದೂ ಹೇಳುತ್ತದೆ. ಹಾಗಾಗಿ ತಿಳಿದ ಮ್ಯಾನೇಜರುಗಳು ಬೇರೆ ಅಕ್ಷರದಿಂದ ಶುರುವಾಗುವ ಅಚ್ಚು ಹಾಕಿಸಿದ ಬಿಲ್ ಪುಸ್ತಕವೊಂದನ್ನು ಕಾರ್ಬನ್ ಸಮೇತ ಗಲ್ಲಾದ ಕೆಳಗೆ ಇಟ್ಟಿರುತ್ತಾರೆ. ಟಚ್ ಹೋದರೆ ಒಬ್ಬ ಕೈಬರಹದಲ್ಲಿ ಬಿಲ್ಲು ಹರಿಯುತ್ತಾನೆ, ಇನ್ನೊಬ್ಬ ಅಡುಗೆಮನೆಗೆ ಆರ್ಡರ್ ಕೂಗುತ್ತಾನೆ, ಮೂರನೆಯವನು ಆಫ್ ಮಾಡಿದ ತೆರೆಯ ಅಂಚನ್ನು ಒಣಬಟ್ಟೆಯಲ್ಲಿ ಒರೆಸುತ್ತಾನೆ. ಯಂತ್ರ ಎದ್ದ ಮೇಲೆ ಆ ಸರಣಿಯ ಬಿಲ್ಲುಗಳನ್ನು ಸಂಜೆ ಕೂತು ಕಂಪ್ಯೂಟರಿಗೆ ಏರಿಸುತ್ತಾರೆ. ಮೌಸು, ಇನ್ನೊಂದು ಯುಎಸ್‌ಬಿ ಕೇಬಲು, ಮೂಲ ಅಡಾಪ್ಟರಿನದೇ ಜೋಡಿ, ಹಳೆಯದೊಂದು ಟ್ಯಾಬ್ಲೆಟ್ಟು, ಇಷ್ಟು ಪುಸ್ತಕದ ಪಕ್ಕದ ಡ್ರಾಯರಿನಲ್ಲಿದ್ದರೆ ಸರ್ವಿಸ್ ಹುಡುಗ ಸಿಲ್ಕ್ ಬೋರ್ಡ್ ಟ್ರಾಫಿಕ್ಕು ದಾಟಿ ಬರುವವರೆಗೆ ಇಡ್ಲಿ ಮಾರಾಟ ನಿಲ್ಲುವುದಿಲ್ಲ.